ತಾಯಿಯಿಲ್ಲದ ಕುದುರೆಗಳು

ಹಾಲುಗಡಲನ್ನು ಕಡೆದಾಗ ಎದ್ದು ಬಂದ ಉಚ್ಚೈಃಶ್ರವಸ್ಸು ಎಂಬ ಬಿಳಿ ಕುದುರೆಗೆ ತಾಯಿಯಿಲ್ಲ. ಅದೇ ಕಡಲಿನಿಂದ ಬಂದ ಕಾಮಧೇನುವಿಗೂ ತಾಯಿಯಿಲ್ಲ ನಿಜ, ಆದರೆ ಅವಳು ತಾನು ತಾಯಿಯಾದಳು. ಅವಳ ಮಗಳು ನಂದಿನಿಯನ್ನು ಮೇಯಿಸಲು ದಿಲೀಪನಂಥ ಅರಸನೇ ಕಾಡಿಗೆ ನಡೆದ. ಕುದುರೆ ನೇರವಾಗಿ ಇಂದ್ರನ ಲಾಯ ಸೇರಿತು. ಆಮೇಲೆ ಅದರ ಬಗ್ಗೆ ನಮಗೆ ನೆನಪಿರುವ ಕತೆ ಒಂದೇ: ಅದರ ಬಾಲ ಬಿಳಿಯೋ ಕಪ್ಪೋ ಎಂದು ಕದ್ರು ಮತ್ತು ವಿನತೆ ಪಂದ್ಯ ಕಟ್ಟಿದ್ದು. ಕುದುರೆಯ ಮೇಲೆ ಬಾಜಿ ಕಟ್ಟುವುದು ನಮ್ಮ ಪುರಾಣದಷ್ಟೇ ಹಳೆಯದು. ಕುದುರೆಯ ಬಾಣಂತನ ಮಾತ್ರ ಅಲ್ಲಿಲ್ಲ.

ಕನ್ನಡ ಕಥನ ಪರಂಪರೆಯಲ್ಲಿ ಸಾಕುಪ್ರಾಣಿಗಳು ಎಂಬ ವಿಷಯದ ಮೇಲೆ ಕಲಬುರಗಿಯಲ್ಲಿ ಕೂತು ಸಂಶೋಧನೆ ಮಾಡುತ್ತಿರುವ ನನಗೆ ಕಳೆದ ಎರಡು ವರ್ಷಗಳಿಂದ ಕಾಡುತ್ತಿರುವ ಸಂಗತಿ ಇದು. ನಮ್ಮ ಸಾಹಿತ್ಯದಲ್ಲಿ ಆಕಳು ಹುಟ್ಟುತ್ತದೆ, ಗಬ್ಬಾಗುತ್ತದೆ, ಈಯುತ್ತದೆ, ಕರುವಿಗೆ ಹಾಲೂಡಿಸುತ್ತದೆ, ಮುದಿಯಾಗುತ್ತದೆ. ಕುದುರೆ ಹಾಗಲ್ಲ. ಅದು ಬೆಳೆದೇ ಬರುತ್ತದೆ. ಬಂದಾಗಲೇ ಅದರ ಬೆನ್ನಿನ ಮೇಲೆ ಜೀನು ಇರುತ್ತದೆ, ಬಹಳ ಸಲ ಜೀನಿನ ಮೇಲೆ ಒಬ್ಬ ಗಂಡಸೂ ಇರುತ್ತಾನೆ. ಗೋವಿನ ಹಾಡನ್ನು ಕೇಳಿ ಅತ್ತ ಪ್ರತಿ ಕನ್ನಡದ ಮಗುವಿಗೂ ಕೆಚ್ಚಲು ಬಿಗಿದ ತಾಯಿಯ ಅವಸರ ಗೊತ್ತು. ಆದರೆ ಕುದುರೆಮರಿ ಎದ್ದು ನಿಲ್ಲುವುದನ್ನು ಕನ್ನಡದ ಯಾವ ಪುಟದಲ್ಲಿ ಓದಿದ್ದೇವೆ?

ಇದನ್ನು ಒಂದು ವಿಚಾರ ಸಂಕಿರಣದಲ್ಲಿ ಹೇಳಿದಾಗ ಹಿರಿಯರೊಬ್ಬರು ಸರಳವಾದ ಆಕ್ಷೇಪ ಎತ್ತಿದರು. ನಮ್ಮ ರೈತನ ಹಟ್ಟಿಯಲ್ಲಿ ಇದ್ದದ್ದು ಎತ್ತು, ಎಮ್ಮೆ, ಆಡು. ಕುದುರೆ ಇದ್ದದ್ದು ಅರಮನೆಯಲ್ಲಿ. ಕಣ್ಣಿಗೆ ಬೀಳದ್ದನ್ನು ಕವಿ ಎಲ್ಲಿಂದ ತರಬೇಕು? ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಇತಿಹಾಸದ ಬೆಂಬಲವೂ ಇರುವಂತೆ ಕಾಣುತ್ತದೆ. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣದ ಪಾಂಡ್ಯ ನಾಡನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ಕಡಲ ಮೇಲಿಂದ ವರ್ಷವರ್ಷವೂ ಕುದುರೆಗಳು ಬರುತ್ತವೆ, ಆರೈಕೆ ಬಲ್ಲವರಿಲ್ಲದೆ ಸಾಯುತ್ತವೆ, ಉತ್ತಮ ತಳಿಗೆ ಹುಟ್ಟಿದ ಮರಿಯೂ ಕಾಲು ತಿರುಚಿಕೊಂಡು ಕೆಲಸಕ್ಕೆ ಬಾರದ್ದಾಗಿರುತ್ತದೆ ಎಂದು ಬರೆದ. 15ನೇ ಶತಮಾನದಲ್ಲಿ ಬೀದರಿಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಇನ್ನೂ ಖಡಾಖಂಡಿತವಾಗಿ, ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಹುಟ್ಟುವುದು ಎತ್ತು ಎಮ್ಮೆಗಳೇ ಎಂದ. ಒಂದು ಕುದುರೆಯನ್ನು ಮಾರಿ ಲಾಭ ಮಾಡಿಕೊಳ್ಳಲೆಂದೇ ಕಡಲು ದಾಟಿ ಬಂದವನು ಅವನು.

ಆದರೆ ಇದೇ ನಿಕಿತಿನ್ ಇನ್ನೊಂದು ಸಂಗತಿಯನ್ನೂ ದಾಖಲಿಸುತ್ತಾನೆ. ಬೀದರಿನಿಂದ 12 ಹರದಾರಿ ದೂರದಲ್ಲಿ ಒಬ್ಬ ಸಂತನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಜಾತ್ರೆ ನಡೆಯುತ್ತದೆ, ಅಲ್ಲಿ ಮಾರಾಟಕ್ಕೆ ಬರುವ ಕುದುರೆಗಳ ಸಂಖ್ಯೆ 20,000ದವರೆಗೆ ಹೋಗುತ್ತದೆ ಎನ್ನುತ್ತಾನೆ. ವಿದ್ವಾಂಸರು ಆ ಊರನ್ನು ನಮ್ಮ ಆಳಂದವೆಂದು ಗುರುತಿಸುತ್ತಾರೆ. ಲಾಡ್ಲೆ ಮಶಾಯಕರ ದರ್ಗಾ ಇರುವ ಆಳಂದ. ವರ್ತಕನ ಲೆಕ್ಕವನ್ನು ಅರ್ಧಕ್ಕೆ ಇಳಿಸಿದರೂ ಹತ್ತು ಸಾವಿರ ಕುದುರೆ. ಅವಕ್ಕೆ ನೀರು ಕುಡಿಸಿದವರು ಯಾರು, ಕಡಲೆ ನೆನೆಸಿದವರು ಯಾರು? ಸಂತೆಗೆ ಬಂದ ಅಷ್ಟು ಜೀವಗಳಲ್ಲಿ ಹೆಣ್ಣು ಇರಲಿಲ್ಲವೆ? ಇದ್ದರೆ, 11 ತಿಂಗಳ ಗಬ್ಬ ಹೊತ್ತು ಬಂದದ್ದು ಒಂದೂ ಇರಲಿಲ್ಲವೆ? ‘ಕುದುರೆ ಇಲ್ಲಿ ಹುಟ್ಟುವುದಿಲ್ಲ’ ಎಂಬ ಮಾತನ್ನು ನಾವು ಪಶುವಿಜ್ಞಾನದ ಸತ್ಯವೆಂದು ಓದಬೇಕಿಲ್ಲ. ಅದು ಮಾರುವವನ ಮಾತು. ತನ್ನ ಸರಕು ಇಲ್ಲಿ ತಯಾರಾಗುವುದಿಲ್ಲ ಎಂದರೆ ತಾನೇ ಅದಕ್ಕೆ ಬೆಲೆ?

ನನ್ನ ವಾದ ಇಷ್ಟು: ನಮ್ಮ ಕಾವ್ಯ, ನಾಟಕಗಳು ಈ ವರ್ತಕನ ನೋಟವನ್ನೇ ಎರವಲು ಪಡೆದಿವೆ. ಮೂರು ಕೃತಿಗಳನ್ನು ತೆಗೆದುಕೊಂಡು ನೋಡೋಣ.

ಮೊದಲನೆಯದು ಕುಮಾರವ್ಯಾಸನ ವಿರಾಟಪರ್ವ. ಭಾರತದ ನಾಯಕರಲ್ಲಿ ಲಾಯದ ಕೆಲಸಕ್ಕೆ ಸೇರಿದವನು ನಕುಲ. ಅವನ ಆಯ್ಕೆ ಆಕಸ್ಮಿಕವಲ್ಲ. ಸೂರ್ಯನ ಹೆಂಡತಿ ಸಂಜ್ಞೆ ಗಂಡನ ಉರಿ ತಾಳಲಾರದೆ ಹೆಣ್ಣುಗುದುರೆಯಾಗಿ ಕಾಡು ಸೇರಿದಾಗ ಹುಟ್ಟಿದವರು ಅಶ್ವಿನೀದೇವತೆಗಳು. ಅವರ ಮಕ್ಕಳು ನಕುಲ ಸಹದೇವರು. ಎಂದರೆ ನಕುಲನ ಅಜ್ಜಿ ಒಂದು ಹೆಣ್ಣುಗುದುರೆ. ಸಂಸ್ಕೃತದಲ್ಲಿ ಅವನ ಹೆಸರಿನಲ್ಲೇ ಅಶ್ವಚಿಕಿತ್ಸೆಯ ಗ್ರಂಥವಿದೆ. ಇಷ್ಟೆಲ್ಲ ಇದ್ದರೂ ಅಜ್ಞಾತವಾಸದ ವರ್ಷದಲ್ಲಿ ಕಥೆ ಎಲ್ಲಿಗೆ ಹೋಗುತ್ತದೆ ಗಮನಿಸಿ. ವಲಲನ ಅಡುಗೆಮನೆಗೆ ಹೋಗುತ್ತದೆ, ಬೃಹನ್ನಳೆಯ ನಾಟ್ಯಶಾಲೆಗೆ ಹೋಗುತ್ತದೆ, ಸೈರಂಧ್ರಿಯ ಹಿಂದೆ ಅಂತಃಪುರಕ್ಕೆ ಹೋಗುತ್ತದೆ. ಗೋಗ್ರಹಣವಾದಾಗ ತುರುಪಟ್ಟಿಗೂ ಹೋಗುತ್ತದೆ. ಲಾಯಕ್ಕೆ ಮಾತ್ರ ಕಥೆ ಕಾಲಿಡುವುದಿಲ್ಲ. ವಿರಾಟನ ಲಾಯದಲ್ಲಿ ನಕುಲ ಒಂದು ವರ್ಷ ಕಳೆದ. ಕುದುರೆಯ ಗಬ್ಬ 11 ತಿಂಗಳಿನದು. ಅವನು ಬಂದ ದಿನ ಗಬ್ಬಾದ ಕುದುರೆ ಅವನ ಕಣ್ಣೆದುರಿಗೇ ಈದಿರಬೇಕು. ಆ ರಾತ್ರಿಯನ್ನು ಬರೆಯಲು ಕವಿಗೆ ಕಾರಣವೇ ಕಾಣಲಿಲ್ಲ, ಯಾಕೆಂದರೆ ಲಾಯದ ಕೆಲಸ ಆ ಕಥೆಯಲ್ಲಿ ಕೆಲಸವಲ್ಲ, ವೇಷ.

ಎರಡನೆಯದು ಲಕ್ಷ್ಮೀಶನ ಜೈಮಿನಿ ಭಾರತ. ಕನ್ನಡದಲ್ಲಿ ಕುದುರೆಯೇ ಕಥೆಯನ್ನು ನಡೆಸುವ ಇಷ್ಟು ದೊಡ್ಡ ಕಾವ್ಯ ಇನ್ನೊಂದಿಲ್ಲ. ಅದು ಹೋದಲ್ಲಿ ಕಥೆ ಹೋಗುತ್ತದೆ, ನಿಂತಲ್ಲಿ ಯುದ್ಧವಾಗುತ್ತದೆ. ಆ ಕುದುರೆ ಪಾಂಡವರ ಲಾಯದ್ದಲ್ಲ. ಭದ್ರಾವತಿಯ ಯೌವನಾಶ್ವನಿಂದ ಭೀಮ, ವೃಷಕೇತು ಮತ್ತು ಘಟೋತ್ಕಚನ ಮಗ ಸೇರಿ ತಂದದ್ದು. ಇಲ್ಲಿಯೂ ಕುದುರೆ ಬೆಳೆದೇ ಬಂತು. ಈ ಕಥೆಯ ನಡುವೆ ಒಂದು ವಿಚಿತ್ರ ಪ್ರಸಂಗವಿದೆ. ಪಾರ್ವತಿಯ ವನದ ಕೊಳಕ್ಕಿಳಿದ ಯಜ್ಞಾಶ್ವ ಹೆಣ್ಣಾಗಿಬಿಡುತ್ತದೆ, ಮುಂದೆ ಇನ್ನೊಂದು ಕೊಳದಲ್ಲಿ ಹುಲಿಯಾಗುತ್ತದೆ. ಅರ್ಜುನನ ಸೈನ್ಯಕ್ಕೆ ಇವೆರಡೂ ಒಂದೇ ಬಗೆಯ ವಿಪತ್ತು. ಹುಲಿಯಾದರೆ ತಿಂದೀತು, ಸರಿ. ಹೆಣ್ಣಾದರೆ ಏನು ಕೆಡುಕು? ಯಾಗಕ್ಕೆ ಬಾರದು. ಕನ್ನಡದ ಅತಿ ದೊಡ್ಡ ಕುದುರೆ ಕಾವ್ಯದಲ್ಲಿ ಹೆಣ್ಣುಗುದುರೆ ಬರುವುದು ಹೀಗೆ, ಪರಿಹರಿಸಬೇಕಾದ ಒಂದು ತೊಂದರೆಯಾಗಿ. ಅದಕ್ಕೂ ಹಿಂದಿನ ಕವಿಗಳಲ್ಲಿ ಹೆಣ್ಣುಗುದುರೆಗೆ ಇದ್ದ ಖಾಯಂ ಜಾಗ ಕಡಲ ತಳ. ಬಡಬೆ ಎಂದರೆ ಹೆಣ್ಣುಗುದುರೆ, ಬಡಬಾನಲ ಎಂದರೆ ಅವಳ ಬಾಯಿಯ ಬೆಂಕಿ. ಕೋಪಕ್ಕೂ ವಿರಹಕ್ಕೂ ಬಡಬಾನಲದ ಹೋಲಿಕೆ ನಮ್ಮ ಕಾವ್ಯಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆ ಮಾತಿನ ಒಳಗೊಂದು ಪ್ರಾಣಿ ಇದೆ ಎಂಬುದು ಓದುವವರಿಗೆ ಮರೆತೇಹೋಗಿದೆ.

ಮೂರನೆಯದು ಗಿರೀಶ ಕಾರ್ನಾಡರ ‘ಹಯವದನ’. 1971ರಲ್ಲಿ ಪ್ರಕಟವಾದ ಈ ನಾಟಕವನ್ನು ನಾವೆಲ್ಲ ಪದವಿ ತರಗತಿಯಲ್ಲಿ ಓದಿದ್ದೇವೆ, ತಲೆಯೋ ದೇಹವೋ, ಪೂರ್ಣವೋ ಅಪೂರ್ಣವೋ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೇವೆ. ಆದರೆ ಹಯವದನನ ಹುಟ್ಟಿನ ಕತೆಯನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ. ಕರ್ನಾಟಕದ ರಾಜಕುಮಾರಿ ಬಂದ ವರಗಳನ್ನೆಲ್ಲ ಬೇಡವೆಂದಳು. ಅರಬಸ್ತಾನದ ರಾಜಕುಮಾರ ಬಿಳಿ ಕುದುರೆ ಏರಿ ಬಂದಾಗ ಅವಳು ಒಲಿದದ್ದು ಕುದುರೆಗೆ. ಇದನ್ನು ಓದುವಾಗ ನನಗೆ ಆಳಂದದ ಜಾತ್ರೆಯೇ ನೆನಪಾಗುತ್ತದೆ. ಗಂಡು ಅರಬಸ್ತಾನದಿಂದ ಬರುತ್ತದೆ, ನೆಲ ಕರ್ನಾಟಕದ್ದು. ದಖನ್ನಿನ ಐದಾರು ಶತಮಾನಗಳ ಕುದುರೆ ವ್ಯಾಪಾರ ಇಲ್ಲಿ ಒಂದು ಮದುವೆಯ ಕತೆಯಾಗಿದೆ. 15 ವರ್ಷ ಸಂಸಾರವಾದ ಮೇಲೆ ಕುದುರೆ ಶಾಪ ಕಳೆದು ಗಂಧರ್ವನಾಗುತ್ತದೆ, ಹೆಂಡತಿಯನ್ನು ಸ್ವರ್ಗಕ್ಕೆ ಕರೆಯುತ್ತದೆ. ಅವಳಿಗೆ ಬೇಕಾದದ್ದು ಕುದುರೆ, ಗಂಧರ್ವನಲ್ಲ. ಅವಳು ಒಲ್ಲೆನೆಂದಾಗ ನೀನೇ ಕುದುರೆಯಾಗು ಎಂದು ಶಪಿಸುತ್ತಾನೆ. ಅವಳು ಹೆಣ್ಣುಗುದುರೆಯಾಗಿ ಖುಷಿಯಿಂದ ಓಡಿಹೋಗುತ್ತಾಳೆ.

ಓಡಿಹೋದವಳು ರಂಗದಿಂದಲೂ ಹೋದಳು. ನಮ್ಮ ಆಧುನಿಕ ರಂಗಭೂಮಿಯ ಅತಿ ಪ್ರಸಿದ್ಧ ಕುದುರೆ ನಾಟಕದ ಏಕೈಕ ಹೆಣ್ಣುಗುದುರೆಗೆ ಒಂದು ಮಾತೂ ಇಲ್ಲ, ಒಂದು ಹೇಷಾರವವೂ ಇಲ್ಲ. ಕುದುರೆಯ ತಲೆ ಹೊತ್ತ ಮಗನನ್ನು ಅವಳು ಹೆತ್ತದ್ದು ಹೇಗೆ, ಹಿಡಿದುಕೊಂಡವರು ಯಾರು, ಯಾರೂ ಕೇಳುವುದಿಲ್ಲ. ನಾಟಕದ ಕೊನೆಗೆ ಪದ್ಮಿನಿಯೂ ಚಿತೆಯೇರುವ ಮುನ್ನ ಮಗುವನ್ನು ಬೇರೆಯವರ ಕೈಗೆ ಒಪ್ಪಿಸುತ್ತಾಳೆ. ಮಾತಾಡದ ಆ ಮಗು ನಗುವುದು ಪೂರ್ತಿ ಕುದುರೆಯಾಗಿ ಬಂದ ಹಯವದನನನ್ನು ಕಂಡು. ತಾಯಿ ಬಿಟ್ಟುಹೋದ ಮಗು ಮತ್ತು ತಾಯಿ ಬಿಟ್ಟುಹೋದ ಕುದುರೆ ಒಬ್ಬರನ್ನೊಬ್ಬರು ಗುರುತಿಸಿದ ಗಳಿಗೆ ಅದು. ಪೂರ್ಣತೆಯ ತತ್ತ್ವವನ್ನು ಬದಿಗಿಟ್ಟು ಓದಿದರೆ ಇದು ತಾಯಂದಿರು ಹೊರಟುಹೋದ ಮೇಲೆ ಉಳಿದವರ ನಾಟಕ. ಕಾರ್ನಾಡರು ಅರಿತು ಇಟ್ಟರೋ ಇಲ್ಲವೋ, ಈ ಎಳೆ ಅಲ್ಲಿದೆ. ನಮ್ಮ ವಿಮರ್ಶೆಗೆ ಅದು ಕಾಣಲಿಲ್ಲ, ಯಾಕೆಂದರೆ ನಾವು ತಲೆ ಮತ್ತು ದೇಹದ ಲೆಕ್ಕದಲ್ಲಿ ಮುಳುಗಿದ್ದೆವು.

ಕಾವ್ಯ ಬಿಟ್ಟು ಶಾಸ್ತ್ರಕ್ಕೆ ಬರೋಣ. ಪಶುವೈದ್ಯದಲ್ಲಿ ಕನ್ನಡದ್ದು ಹಳೆಯ ಪರಂಪರೆ, ಅದರ ಆರಂಭ ನಮ್ಮ ಭಾಗದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ವಂಶದ ಕೀರ್ತಿವರ್ಮ 1125ರ ಸುಮಾರಿಗೆ ‘ಗೋವೈದ್ಯ’ ಬರೆದ. ಕುದುರೆಯ ಶಾಸ್ತ್ರ ಕನ್ನಡದಲ್ಲಿ ಬಂದದ್ದು ಆಮೇಲೆ: 1400ರ ಸುಮಾರಿಗೆ ಅಭಿನವಚಂದ್ರನದು, 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’. ಕಲ್ಯಾಣದಲ್ಲೇ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳಿಗೆ ಸಾಕಷ್ಟು ಜಾಗವಿದೆ. ಆದರೆ ಅಲ್ಲಿ ಕುದುರೆ ಬರುವ ಒಂದು ಪ್ರಕರಣದ ಹೆಸರೇ ‘ವಾಜಿವಾಹ್ಯಾಲಿ ವಿನೋದ’. ಕುದುರೆಯೇರಿ ಚೆಂಡಾಡುವ ಅರಸನ ಆಟ ಅದು. ಅಶ್ವಶಾಸ್ತ್ರಗಳ ಪರಂಪರೆಯನ್ನು ಒಟ್ಟಾಗಿ ನೋಡಿದರೆ ಅವುಗಳ ಹೆಚ್ಚಿನ ಆಸಕ್ತಿ ಬಣ್ಣ, ಸುಳಿ, ಹಲ್ಲು, ನಡೆ. ಎದೆಯ ಮೇಲಿನ ಸುಳಿ ಒಳ್ಳೆಯದೋ ಕೆಟ್ಟದ್ದೋ, ಹಲ್ಲಿನಿಂದ ವಯಸ್ಸು ಹೇಳುವುದು ಹೇಗೆ. ಇವೆಲ್ಲ ಕೊಳ್ಳುವವನ ಪ್ರಶ್ನೆಗಳು. ಸಾಹಿತ್ಯ ಕುದುರೆಯನ್ನು ಜೀನಿನ ಮೇಲಿಂದ ನೋಡಿತು, ಶಾಸ್ತ್ರ ಸಂತೆಯಲ್ಲಿ ನಿಂತು ನೋಡಿತು. ಲಾಯದ ಒಳಗಿನಿಂದ ನೋಡುವವನು ಇಬ್ಬರಿಗೂ ಬೇಕಾಗಲಿಲ್ಲ. ನಮ್ಮ ವೀರಗಲ್ಲುಗಳಲ್ಲೂ ಹೀಗೆಯೇ. ತುರುಗೊಳ್ ಕಾಳಗದ ಕಲ್ಲುಗಳಲ್ಲಿ ಬಿಡಿಸಿಕೊಂಡ ಆಕಳುಗಳು ಸಾಲಾಗಿ ನಿಂತಿರುತ್ತವೆ, ಕುದುರೆ ಮಾತ್ರ ಸವಾರನ ತೊಡೆಯ ಕೆಳಗೆ.

ಲಾಯದ ಒಳಗೆ ಏನು ನಡೆಯುತ್ತದೆ? ಇದು ಕಲ್ಪನೆಯ ವಿಷಯವಲ್ಲ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ 400 ಎಕರೆಗೂ ಮಿಕ್ಕಿದ ಸ್ಟಡ್ ಫಾರ್ಮ್ ಇದೆ. ಹೈದರ್, ಟಿಪ್ಪು ಕಾಲದ ಸೇನೆಯ ಲಾಯದಿಂದ ಬೆಳೆದದ್ದೆಂದು ಹೇಳುತ್ತಾರೆ. 1992ರಿಂದ ಮೂವತ್ತು ವರ್ಷಕ್ಕೆ ಅದು ಖಾಸಗಿ ಗುತ್ತಿಗೆಗೆ ಹೋಯಿತು. ರೇಸಿನ ಥರೋಬ್ರೆಡ್ ತಳಿ ಅಲ್ಲಿಯದು. ಇಂಥ ಫಾರ್ಮುಗಳಲ್ಲಿ ಕುದುರೆ ಈಯುವ ಕಾಲ ಜನವರಿಯಿಂದ ಶುರುವಾಗುತ್ತದೆ. ಅದಕ್ಕೆ ಕಾರಣ ಪ್ರಕೃತಿಯಲ್ಲ, ಪಂಚಾಂಗ. ನಮ್ಮ ದೇಶದಲ್ಲಿ ರೇಸಿನ ಕುದುರೆಗಳೆಲ್ಲದರ ವಯಸ್ಸನ್ನೂ ಜನವರಿ 1ರಿಂದಲೇ ಎಣಿಸುತ್ತಾರೆ. ಡಿಸೆಂಬರ್ 30ಕ್ಕೆ ಹುಟ್ಟಿದ ಮರಿಗೆ ಎರಡೇ ದಿನಕ್ಕೆ ಒಂದು ವರ್ಷ ತುಂಬಿಬಿಡುತ್ತದೆ. ಅಂಥ ಮರಿಗೆ ಮುಂದೆ ಓಟದಲ್ಲಿ ಸೋಲು ಖಚಿತ. ಹಗಲು ಉದ್ದವಾದಾಗ ಬೆದೆಗೆ ಬರುವುದು ಕುದುರೆಯ ಸ್ವಭಾವ. ಅದಕ್ಕಾಗಿ ಲಾಯದಲ್ಲಿ ರಾತ್ರಿ ದೀಪ ಹಚ್ಚಿ ಹಗಲನ್ನು ಉದ್ದ ಮಾಡುತ್ತಾರೆ. ತಾಯಿಯ ಮೈಯ ಗಡಿಯಾರವನ್ನೇ ಬಾಜಿಯ ಪಂಚಾಂಗಕ್ಕೆ ಹೊಂದಿಸುವ ಕೆಲಸ ಅದು.

ಗಬ್ಬ ಸುಮಾರು 340 ದಿನ. ಕೊನೆಯ ವಾರಗಳಲ್ಲಿ ರಾತ್ರಿ ಪಾಳಿಯವನಿಗೆ ನಿದ್ದೆಯಿಲ್ಲ, ಯಾಕೆಂದರೆ ಕುದುರೆ ಬಹುಮಟ್ಟಿಗೆ ಈಯುವುದು ಕತ್ತಲಲ್ಲಿ. ಕೆಚ್ಚಲು ತುಂಬಿ ಮೊಲೆತೊಟ್ಟಿನ ತುದಿಗೆ ಮೇಣದಂಥ ಹನಿ ಗಟ್ಟಿಯಾದರೆ ಇನ್ನೊಂದೆರಡು ದಿನ ಎಂದು ಅವನಿಗೆ ಗೊತ್ತು. ಮೈ ಬೆವರಿ, ಮಲಗಿ ಎದ್ದು ಮಾಡಿ, ನೀರು ಒಡೆದ ಮೇಲೆ ಎಲ್ಲ ಅರ್ಧ ಗಂಟೆಯೊಳಗೆ ಮುಗಿಯಬೇಕು. ಮೊದಲು ಬಿಳಿಯ ಪೊರೆಯೊಳಗೆ ಮುಂಗಾಲುಗಳು ಕಾಣುತ್ತವೆ. ಬಿಳಿಯ ಬದಲು ಕೆಂಪು ಮಕಮಲ್ಲಿನಂಥ ಚೀಲ ಕಂಡರೆ ಮಾಸು ಮೊದಲೇ ಕಳಚಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಎಂದರ್ಥ. ವೈದ್ಯರಿಗೆ ಕಾಯದೆ ಅವನೇ ಅದನ್ನು ಹರಿಯಬೇಕು. ಮರಿಯ ಗೊರಸಿನ ತುದಿಗೆ ತಾಯಿಯ ಒಡಲು ಗೀರದಂತೆ ಮೆತ್ತನೆಯ ತೊಗಲು ಇರುತ್ತದೆ, ನಡೆಯತೊಡಗಿದ ಮೇಲೆ ಸವೆದುಹೋಗುತ್ತದೆ. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ಮಾಸು ಬೀಳಬೇಕು. ಕುದುರೆಯ ಮಾಸಿನ ಮೂಲಕ ರೋಗ ತಡೆಯುವ ಶಕ್ತಿ ಮರಿಗೆ ಹೋಗುವುದಿಲ್ಲ. ಅದೆಲ್ಲ ಗಿಣ್ಣದಲ್ಲೇ ಸಿಗಬೇಕು, ಅದೂ ಮೊದಲ ದಿನದಲ್ಲೇ. ಒಂದು, ಎರಡು, ಮೂರು ಎಂಬ ಈ ಲೆಕ್ಕ ಯಾವ ಕಥೆಗಾರನಿಗಾದರೂ ಸಿದ್ಧವಾಗಿ ಸಿಕ್ಕ ಕಥನದ ಚೌಕಟ್ಟು. ಪ್ರತಿ ಗಂಟೆಗೂ ಒಂದು ಗಡುವು, ಪ್ರತಿ ಗಡುವಿನ ಹಿಂದೆ ಒಂದು ಜೀವ.

ಕುಣಿಗಲ್ ಎಂದರೆ ಕನ್ನಡಕ್ಕೆ ನೆನಪಾಗುವುದು ಕೆರೆಯ ಹಾಡು. ಆ ಕೆರೆಯ ಸೊಬಗನ್ನು ಹಾಡಿದ ನಾಲಗೆಗೆ ಅದೇ ಊರಿನ ಲಾಯದ ರಾತ್ರಿಗಳು ಯಾಕೆ ಹಾಡಾಗಲಿಲ್ಲ? ಆ ಲಾಯದ ಗೋಡೆ ಎತ್ತರ, ಅಲ್ಲಿನ ಕೆಲಸದವರು ಬರೆಯುವವರಲ್ಲ ಎಂಬುದು ಒಂದು ಉತ್ತರ. ಆದರೆ ಅದಷ್ಟೇ ಅಲ್ಲ. ತುರುಗಾಹಿ ರಾಮಣ್ಣ ಆಕಳು ಕಾಯುತ್ತಲೇ ವಚನ ಬರೆದ. 12ನೇ ಶತಮಾನದಲ್ಲೇ ದನ ಕಾಯುವ ಕಾಯಕಕ್ಕೆ ಕನ್ನಡದಲ್ಲಿ ಬಾಯಿ ಸಿಕ್ಕಿತು. ಕುದುರೆಗೆ ಮೈ ತಿಕ್ಕುವ ಸಾಯಿಸನಿಗೆ ಅಂಥ ಬಾಯಿ ಸಿಕ್ಕಲಿಲ್ಲ. ದನ ಕಾಯುವವನಿಗೆ ದನ ತನ್ನದು ಅಥವಾ ತನ್ನ ಊರಿನದು. ಕುದುರೆ ಕಾಯುವವನಿಗೆ ಕುದುರೆ ಯಾವತ್ತೂ ಇನ್ನೊಬ್ಬನದು. ಯಾರದೋ ಆಸ್ತಿಯ ಮೇಲಿನ ಅಕ್ಕರೆಯನ್ನು ಹೇಳಿಕೊಳ್ಳುವ ಭಾಷೆ ಬೇಗ ಹುಟ್ಟುವುದಿಲ್ಲ.

ಹಾಗಾದರೆ ಕುದುರೆ ತನ್ನದೇ ಆಗಿರುವವರು ನಮ್ಮಲ್ಲಿ ಇಲ್ಲವೆ? ಇದ್ದಾರೆ. ತೊಗರಿ ಒಕ್ಕಲಿ ಮುಗಿದು ಹೊಲ ಬಯಲಾದ ಮೇಲೆ ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವ ರಸ್ತೆಯಲ್ಲಿ ಕುರಿ ಹಿಂಡುಗಳು ಸಿಗುತ್ತವೆ. ಹಿಂಡಿನ ಹಿಂದೆ ಗಿಡ್ಡನೆಯ ತಟ್ಟುಗಳು, ಅವುಗಳ ಬೆನ್ನ ಮೇಲೆ ಗುಡಾರದ ಬಟ್ಟೆ, ಪಾತ್ರೆ, ಕೋಳಿ, ಒಮ್ಮೊಮ್ಮೆ ಎಳೆಯ ಕುರಿಮರಿ. ಭೀಮಾ ದಂಡೆಯ ಈ ಬಗೆಯ ಕುದುರೆಗೆ ಮಹಾರಾಷ್ಟ್ರದಲ್ಲಿ ಭೀಮಥಡಿ ಎಂದು ಹೆಸರು. ಒಂದು ಕಾಲಕ್ಕೆ ಮರಾಠಾ ದಂಡು ಇದರ ಮೇಲೆ ನಡೆದಿತ್ತು, ಇತ್ತೀಚೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಗೂ ಸೇರಿದೆ. ಇವುಗಳಿಗೆ ಫಾರ್ಮಿಲ್ಲ, ಲಾಯವಿಲ್ಲ, ದಾರಿಯೇ ಲಾಯ. ಕಮಲಾಪುರದ ಆಚೆ, ಕೆಂಪು ಬಾಳೆಯ ತೋಟಗಳು ಮುಗಿಯುವ ಕಡೆ ಹೊಲವೊಂದರಲ್ಲಿ ತಂಗಿದ್ದ ಅಫಜಲಪುರದ ಕಡೆಯ ಹಿಂಡಿನಲ್ಲಿ ನಾನು ನಾಲ್ಕು ದಿನದ ಕುದುರೆಮರಿಯೊಂದನ್ನು ಕಂಡೆ. ಅದರ ಬಗ್ಗೆ ಕೇಳಿದಾಗ ಕುರಿಗಾರ ಸುಮ್ಮನೆ ಹೆಂಡತಿಯ ಕಡೆ ಕೈ ಮಾಡಿದ.

“ಹಾದ್ಯಾಗೇ ಈತು ತಂಗಿ. ನಾ ಏನೂ ಮಾಡ್ಲಿಲ್ಲ. ಮೊಬೈಲಿನ ಬತ್ತಿ ಆರ್ಸಿ, ಆ ಕಡಿ ಮಾರಿ ಮಾಡಿ ಕುಂತೆ. ನಾವ್ ನೋಡ್ಕೋತ ಕುಂತ್ರ ಅದು ಈಯಂಗಿಲ್ಲ, ತಡಿತದ. ಕಿವಿ ಮಾತ್ರ ಇತ್ಲಾಗಿತ್ತು. ಮರಿ ಬಿದ್ದ ಸಪ್ಪಳಾತು, ಆಮ್ಯಾಲ ಎದ್ದೆ. ಒಂದಿನ ನಿಂತ್ವಿ, ಮರದಿನ ನಡದ್ವಿ. ಮರೀನೂ ನಡೀತು.”

ಅವಳ ಮಾತು ನಿಜ. ಎದುರು ಜನ ಇದ್ದರೆ, ಗದ್ದಲವಿದ್ದರೆ ಕುದುರೆ ಈಯುವುದನ್ನು ತುಸು ಹೊತ್ತು ಮುಂದೂಡಬಲ್ಲದು ಎಂದು ಪಶುವೈದ್ಯರೂ ಹೇಳುತ್ತಾರೆ. ಆದರೆ ನಾನು ಅವಳ ಮಾತನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಬರೆದುಕೊಂಡೆ. ಸವಾರನ ನೋಟ, ಕೊಳ್ಳುವವನ ನೋಟ, ಇವೆರಡೂ ನೋಡುವುದರಿಂದಲೇ ವಸ್ತುವನ್ನು ತಮ್ಮದಾಗಿಸಿಕೊಳ್ಳುತ್ತವೆ. ಅವಳದು ಮುಖ ತಿರುಗಿಸಿ ಕಿವಿ ತೆರೆದಿಟ್ಟ ಕಾವಲು. ತನ್ನ ಇರುವಿಕೆಯೇ ಇನ್ನೊಂದು ಜೀವಕ್ಕೆ ಅಡ್ಡಿಯಾಗಬಹುದು ಎಂಬ ಎಚ್ಚರ ಅದರಲ್ಲಿದೆ, ಬಿಟ್ಟುಹೋಗದೆ ಇರುವ ಹಟವೂ ಇದೆ. ಕಾಣದ್ದನ್ನು ಕವಿ ಹೇಗೆ ಬರೆಯಬೇಕು ಎಂದು ಸಂಕಿರಣದಲ್ಲಿ ಎದ್ದ ಪ್ರಶ್ನೆಗೆ ಇಲ್ಲೊಂದು ಉತ್ತರ ಇದ್ದಂತಿದೆ. ನೋಡಿಯೇ ಬರೆಯಬೇಕೆಂದಿಲ್ಲ, ಕೇಳಿಸಿಕೊಂಡೂ ಬರೆಯಬಹುದು.

ಹಾಗೆ ಬರೆದವರು ಬೇರೆ ಭಾಷೆಗಳಲ್ಲಿದ್ದಾರೆ. 1877ರಲ್ಲಿ ಬಂದ ಆ್ಯನಾ ಸೂವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿ ಶುರುವಾಗುವುದೇ ತಾಯಿಯ ಜೊತೆಗಿನ ಹುಲ್ಲುಗಾವಲಿನಲ್ಲಿ. ನಡೆದಾಡಲು ಕಷ್ಟವಿದ್ದ ಸೂವೆಲ್ ಊರು ತಿರುಗಲು ಕುದುರೆಗಾಡಿಯನ್ನೇ ನಂಬಿದ್ದರು, ಅವರಿಗೆ ಕುದುರೆ ಅಲಂಕಾರವಾಗಿರಲಿಲ್ಲ. ಚೆಕಾವ್ 1886ರಲ್ಲಿ ಬರೆದ, ನಮ್ಮ ಎಷ್ಟೋ ತರಗತಿಗಳಲ್ಲಿ ಪಾಠವಾಗಿರುವ, ಮಗ ಸತ್ತ ಗಾಡಿಯವನ ಕತೆ ನಿಮಗೆ ನೆನಪಿರಬಹುದು. ಇಡೀ ರಾತ್ರಿ ಯಾವ ಸವಾರಿಯೂ ಅವನ ದುಃಖ ಕೇಳುವುದಿಲ್ಲ. ಕೊನೆಗೆ ಅವನು ಲಾಯಕ್ಕೆ ಹೋಗಿ ತನ್ನ ಮುದಿ ಹೆಣ್ಣುಗುದುರೆಗೆ ಹೇಳಿಕೊಳ್ಳುತ್ತಾನೆ. ಹೇಗೆ ಹೇಳುತ್ತಾನೆ ಎನ್ನುವುದು ಮುಖ್ಯ. ನಿನಗೊಂದು ಮರಿ ಇದೆ ಎಂದುಕೋ, ನೀನು ಅದರ ತಾಯಿ, ಅದು ಸತ್ತುಹೋಯಿತು ಎಂದುಕೋ ಎಂಬ ಅರ್ಥದಲ್ಲಿ ಶುರುಮಾಡುತ್ತಾನೆ. ತನ್ನ ಪುತ್ರಶೋಕವನ್ನು ಹೇಳಬೇಕಾದರೆ ಮೊದಲು ಅವನು ಕುದುರೆಯನ್ನು ತಾಯಿಯಾಗಿ ಕಾಣಬೇಕಾಯಿತು. ಆ ಒಂದು ವಾಕ್ಯದಲ್ಲಿ ಚೆಕಾವ್ ದಾಟಿದ ಹೊಸ್ತಿಲನ್ನು ನಮ್ಮ ಕುದುರೆ ಸಾಹಿತ್ಯ ಇನ್ನೂ ದಾಟಿಲ್ಲ. ಒಂದು ಕಾಲಕ್ಕೆ ಕಲಬುರಗಿ ಸ್ಟೇಷನ್ನಿನಿಂದ ಟಾಂಗಾ ಓಡಿಸಿದವರೂ ಲಾಯಕ್ಕೆ ಮರಳಿ ಏನಾದರೂ ಹೇಳಿಕೊಂಡಿರಬೇಕಲ್ಲ.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಈ ಭಾಗದ ಮೊಹರಂ ಪದಗಳ ಹಿಂದಿರುವ ಕರ್ಬಲಾದ ಕತೆಯಲ್ಲಿ ಸವಾರನಿಲ್ಲದೆ ಡೇರೆಗೆ ಮರಳುವ ಕುದುರೆ ಇದೆ. ಜೀನು ಖಾಲಿಯಾದಾಗ ಮಾತ್ರ ಕುದುರೆಗೊಂದು ದುಃಖ ಇರಬಹುದು ಎಂದು ನಮಗೆ ಹೊಳೆಯುತ್ತದೆ. ಕಲಬುರಗಿಯ ನೆಲದಿಂದಲೇ ಬರೆದ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರ ಮನೆಯ ಹಿತ್ತಲಲ್ಲಿ, ಹೊಲದಲ್ಲಿ ಗೇಯುವ ಹೆಂಗಸರ ಬಾಯಿಯ ಮಾತು ಸಾಹಿತ್ಯಕ್ಕೆ ಸಲ್ಲುತ್ತದೆ ಎಂದು ತೋರಿಸಿದ ಬರವಣಿಗೆ ಅವರದು. ಹಿತ್ತಲಿನವರೆಗೆ ಬಂದ ಕಥನಕ್ಕೆ ಲಾಯ ಇನ್ನೆಷ್ಟು ದೂರ?

ಇದನ್ನು ಇವತ್ತೇ ಯಾಕೆ ಬರೆಯಬೇಕಾಯಿತು ಎಂಬುದಕ್ಕೂ ಕಾರಣವಿದೆ. ಕುಣಿಗಲ್‌ನ ಗುತ್ತಿಗೆಯ ಅವಧಿ ಮುಗಿದ ಮೇಲೆ ಆ ಜಾಗದಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ ಸುದ್ದಿಯಾಯಿತು. ಪರ ವಿರೋಧದ ಮಾತುಗಳೆಲ್ಲ ಎಕರೆ ಮತ್ತು ಇತಿಹಾಸದ ಸುತ್ತ ನಡೆದವು. ಅಲ್ಲಿ ರಾತ್ರಿ ಪಾಳಿ ಮಾಡಿದವರ ನಾಲಗೆಯ ಮೇಲಿರುವ ಮಾತುಗಳ ಲೆಕ್ಕ ಯಾರೂ ಇಟ್ಟಿಲ್ಲ. ಈಯು, ಗಬ್ಬ, ಕೆಚ್ಚಲು, ಮಾಸು, ಗಿಣ್ಣ, ಈ ಐದು ಪದಗಳನ್ನು ನಾನು ಈ ಲೇಖನದಲ್ಲಿ ಕುದುರೆಗೆ ಬಳಸಿದ್ದು ಆಕಳಿನಿಂದ ಸಾಲ ತಂದು. ಲಾಯದವರು ಆ ಮೇಣದ ಹನಿಗೆ, ಆ ಕೆಂಪು ಚೀಲಕ್ಕೆ, ಗೊರಸಿನ ಆ ಮೆತ್ತನೆಯ ತೊಗಲಿಗೆ ತಮ್ಮದೇ ಹೆಸರಿಟ್ಟುಕೊಂಡಿರಲೇಬೇಕು. ರಾತ್ರಿಯೆಲ್ಲ ಕೂತು ಕಾಯುವ ಸಂಗತಿಗೆ ಹೆಸರಿಲ್ಲದೆ ಇರುವುದಿಲ್ಲ. ಆ ಹೆಸರುಗಳು ನಿಘಂಟಿಗೆ ಬರದೆ ಹೋದರೆ ಮುಂದೆ ಅದನ್ನು ಬರೆಯಬೇಕೆಂದವರಿಗೂ ಕನ್ನಡ ಸಿಗುವುದಿಲ್ಲ.

ಇಂಗ್ಲೆಂಡಿನಲ್ಲಿ 18ನೇ ಶತಮಾನದ ಕೊನೆಯಲ್ಲಿ ಶುರುವಾದ ಜನರಲ್ ಸ್ಟಡ್ ಬುಕ್ ಎಂಬ ಥರೋಬ್ರೆಡ್ ವಂಶಾವಳಿಯ ಪುಸ್ತಕವಿದೆ. ಗೆದ್ದ ಗಂಡುಕುದುರೆಗಳ ಹೆಸರು ಜಗತ್ತಿನ ಬಾಯಲ್ಲಿದ್ದರೂ ಆ ಪುಸ್ತಕವನ್ನು ಜೋಡಿಸಿರುವುದು ತಾಯಂದಿರ ಹೆಸರಿನಲ್ಲಿ. ಒಂದೊಂದು ಹೆಣ್ಣುಗುದುರೆಯ ಹೆಸರು, ಅದರ ಕೆಳಗೆ ಅವಳು ಯಾವ ವರ್ಷ ಯಾವ ಮರಿ ಹಾಕಿದಳು ಎಂಬ ಪಟ್ಟಿ. ಪ್ರೀತಿಯಿಂದ ಮಾಡಿದ್ದಲ್ಲ, ಲೆಕ್ಕ ತಪ್ಪದಿರಲಿ ಎಂದು ಮಾಡಿದ್ದು. ತಂದೆ ಯಾರೆಂಬುದರಲ್ಲಿ ಮೋಸ ನಡೆಯಬಹುದು, ಹೆತ್ತವಳು ಯಾರೆಂಬುದಕ್ಕೆ ಲಾಯದವನು ಸಾಕ್ಷಿ. ಬಾಜಿ ಕಟ್ಟುವವರಿಗೆ ಗೊತ್ತಿರುವ ಇಷ್ಟು ಸಂಗತಿ ನಮ್ಮ ಸಾಹಿತ್ಯ ಚರಿತ್ರೆಗೂ ಗೊತ್ತಾಗಬೇಕು. ವಿರಾಟಪರ್ವ ಪಾಠ ಮಾಡುವಾಗ ನಕುಲ ಆ ವರ್ಷವೆಲ್ಲ ರಾತ್ರಿ ಏನು ಮಾಡುತ್ತಿದ್ದ ಎಂದು ಒಬ್ಬ ವಿದ್ಯಾರ್ಥಿ ಕೇಳಿದರೂ ಸಾಕು, ಕೆಲಸ ಅಲ್ಲಿಂದ ಶುರುವಾಗುತ್ತದೆ.